ಭಾವನ ಬಲಗೈ

ನನ್ನ ಅಕ್ಕನ ಗಂಡ ಟ್ರಾಫಿಕ್ ಪೊಲೀಸ್. ಇಪ್ಪತ್ತಮೂರು ವರ್ಷ ಒಂದೇ ಸರ್ಕಲ್ಲಿನಲ್ಲಿ ನಿಂತವರು. ಅಷ್ಟು ವರ್ಷ ಒಂದೇ ಜಾಗದಲ್ಲಿ ನಿಂತರೆ ಮರವಾದರೂ ನೆರಳು ಕೊಡುತ್ತದೆ, ನೀವು ದಂಡದ ಚೀಟಿ ಕೊಡುತ್ತೀರಿ ಎಂದು ನಾನು ತಮಾಷೆ ಮಾಡುತ್ತಿದ್ದೆ. ಭಾವ ನಗುತ್ತಿರಲಿಲ್ಲ. ಸರ್ಕಲ್ಲಿನ ಮಧ್ಯೆ ನಿಂತವನು ನಕ್ಕರೆ ನಾಲ್ಕೂ ರಸ್ತೆಯವರು ತಮ್ಮನ್ನೇ ನೋಡಿ ನಕ್ಕನೆಂದುಕೊಂಡು ಒಟ್ಟಿಗೆ ಹೊರಟುಬಿಡುತ್ತಾರೆ ಎಂಬುದು ಅವರ ವಾದ. ಆ ಅಭ್ಯಾಸ ಮನೆಗೂ ಬಂದಿತ್ತು. ಮದುವೆಯಾದ ಹೊಸತರಲ್ಲಿ ಅಕ್ಕ, ಈ ಮನುಷ್ಯನಿಗೆ ಹಲ್ಲು ಇವೆಯೋ ಇಲ್ಲವೋ ನೋಡಿ ಹೇಳು ಎಂದು ನನ್ನನ್ನು ಕೇಳಿದ್ದಳು.

ನನ್ನದು ಅದೇ ಸರ್ಕಲ್ಲಿನ ಮೂಲೆಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಎಂಟಡಿಗೆ ಆರಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸಿದರೆ ಗಡಿಯಾರದ ಹೊಟ್ಟೆ ಕಾಣುತ್ತದೆ, ತಲೆ ಎತ್ತಿದರೆ ಭಾವ ಕಾಣುತ್ತಾರೆ. ದಿನಕ್ಕೆ ನೂರು ಸಲ ಹೀಗೆ ತಗ್ಗಿಸಿ ಎತ್ತಿ ನನಗೂ ಕುತ್ತಿಗೆ ನೋವಿದೆ. ನನ್ನ ಕುತ್ತಿಗೆಯ ವಿಷಯ ಯಾರೂ ಕೇಳಿಲ್ಲ, ಆದ್ದರಿಂದ ಹೇಳುವುದಿಲ್ಲ.

ಸರ್ಕಲ್ಲಿಗೆ ನಾಲ್ಕು ರಸ್ತೆಗಳು ಸೇರುತ್ತವೆ. ಬಸ್ ನಿಲ್ದಾಣದ್ದು, ಆಸ್ಪತ್ರೆಯದು, ಮಾರ್ಕೆಟ್ಟಿನದು, ಶಾಲೆಯದು. ಒಮ್ಮೆ ಕೆಂಪು ಹಸಿರು ದೀಪ ಹಾಕಿಸಿದ್ದರು. ಮೂರು ತಿಂಗಳಿಗೆ ಅದು ಕೆಟ್ಟು ನಾಲ್ಕೂ ಕಡೆ ಹಸಿರು ತೋರಿಸತೊಡಗಿತು. ಅದರ ತಂತಿ ಕಿತ್ತು ಹಾಕಿ ಮತ್ತೆ ಭಾವನನ್ನೇ ನಿಲ್ಲಿಸಿದರು. ಅಂದಿನಿಂದ ಭಾವನಿಗೆ ತನ್ನ ಕೈಯ ಬಗ್ಗೆ ಸ್ವಲ್ಪ ಜಂಭ ಬಂದಿತ್ತೆಂದು ನಾನು ಹೇಳಿದರೆ ತಪ್ಪಾಗಲಾರದು. ಜಂಭಪಡುವಂಥ ಕೈಯೇ ಅದು. ಬೆರಳು ಜೋಡಿಸಿ, ಅಂಗೈ ಮುಂದೆ ಮಾಡಿ, ತೋಳು ಕಿವಿಗೆ ತಾಗುವ ಹಾಗೆ ನೆಟ್ಟಗೆ ಎತ್ತಿದರೆಂದರೆ ಮಾರ್ಕೆಟ್ ರಸ್ತೆಯ ಲಾರಿ ನಿಂತಲ್ಲೇ ನಿಲ್ಲುತ್ತಿತ್ತು. ಟ್ಯಾಕ್ಸಿಯವರು ಅವರಿಗೆ ಬ್ರೇಕ್ ಮಾಮ ಎಂದು ಹೆಸರಿಟ್ಟಿದ್ದರು. ಆ ಹೆಸರು ತಮಗೆ ಗೊತ್ತಿಲ್ಲವೆಂಬಂತೆ ಭಾವ ಇರುತ್ತಿದ್ದರು. ಗೊತ್ತಿತ್ತು.

ನೋವು ಶುರುವಾದದ್ದು ಅಂಗಿಯ ಎರಡನೇ ತೋಳಿನಲ್ಲಿ. ಒಂದು ಬೆಳಿಗ್ಗೆ ಯೂನಿಫಾರಂ ಹಾಕಿಕೊಳ್ಳುವಾಗ ಎಡಗೈ ತೂರಿತು, ಬಲಗೈ ಹಿಂದಕ್ಕೆ ಹೋಗಲಿಲ್ಲ. ಭಾವ ಅಂಗಿಯನ್ನು ಬೈದರು. ಮರುದಿನ ದಿಂಬನ್ನು ಬೈದರು. ಆಮೇಲೆ ಕಿಟಕಿಯ ಗಾಳಿ, ಬಸ್ಸಿನ ಕಂಬಿ, ನನ್ನ ಅಂಗಡಿಯ ಸ್ಟೂಲು, ಎಲ್ಲವೂ ಸರದಿಯ ಪ್ರಕಾರ ಬೈಸಿಕೊಂಡವು. ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರೆ. ಭಾವ ತಮ್ಮ ಮೈಯೊಂದನ್ನು ಬಿಟ್ಟು ಮನೆಯ ಸಾಮಾನನ್ನೆಲ್ಲ ಪರಚಿದರು. ಅಷ್ಟರಲ್ಲಿ ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಹೋಗುವುದು ನಿಂತಿತು. ಕರವಸ್ತ್ರ ಮುಂದಿನ ಜೇಬಿಗೆ ಬಂತು. ಬಾಚಣಿಗೆ ಎಡಗೈಗೆ ಬಂತು, ಬೈತಲೆ ಬಲಕ್ಕೆ ಹೋಯಿತು.

ನೋವಿದೆ ಎಂದು ಒಪ್ಪಿಕೊಳ್ಳಲು ಅವರಿಗೆ ಮೂರು ತಿಂಗಳು ಹಿಡಿಯಿತು. ಆಗಲೂ ನೇರವಾಗಿ ಒಪ್ಪಲಿಲ್ಲ. ಊಟಕ್ಕೆ ಕೂತಾಗ, ಸ್ಟೇಷನ್ನಿನಲ್ಲಿ ಒಬ್ಬನಿಗೆ ಭುಜ ನೋವಂತೆ, ಕೈ ಮೇಲೆ ಹೋಗುವುದಿಲ್ಲವಂತೆ, ಪಾಪ ಎಂದರು. ಅಕ್ಕ ಸಾರು ಬಡಿಸುತ್ತಿದ್ದಳು.

"ಆ ಒಬ್ಬನಿಗೆ ಹೇಳಿ, ನಾಳೆ ಹತ್ತು ಗಂಟೆಗೆ ರೆಡಿ ಇರ್ಲಿ, ಡಾಕ್ಟರ ಹತ್ರ ಹೋಗೋಣ ಅಂತ" ಎಂದಳು.

ಮೂಳೆ ಡಾಕ್ಟರು ಕೈಯನ್ನು ಆ ಕಡೆ ಈ ಕಡೆ ತಿರುಗಿಸಿ, ಭಾವನ ಮುಖ ನೋಡಿ ಸಾಕು ಮಾಡಿದರು. ಭುಜದ ಕೀಲು ಬಿಗಿದುಕೊಂಡಿದೆ, ಐವತ್ತು ದಾಟಿದವರಿಗೆ ಬರುವುದುಂಟು, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಜಾಸ್ತಿ ಎಂದರು. ಭಾವನಿಗೆ ಸಕ್ಕರೆ ಕಾಯಿಲೆ ಇತ್ತು. ಎಷ್ಟು ದಿನಕ್ಕೆ ಬಿಡುತ್ತದೆ ಎಂದು ಕೇಳಿದ್ದಕ್ಕೆ, ಬಿಡುವುದೇನೋ ಬಿಡುತ್ತದೆ, ಆದರೆ ಒಂದೂವರೆ ವರ್ಷವೂ ಆಗಬಹುದು, ಎರಡು ವರ್ಷವೂ ಆಗಬಹುದು, ದಿನಾ ವ್ಯಾಯಾಮ ಮಾಡುತ್ತಿರಿ, ವಯಸ್ಸಾಯಿತಲ್ಲ ಎಂದರು. ವಯಸ್ಸು ಎಂದರೆ ಎಷ್ಟು ಎಂದು ಭಾವ ಕೇಳಿದರು. ಡಾಕ್ಟರು ಚೀಟಿ ನೋಡಿ ಐವತ್ತೇಳು ಎಂದರು. ಚೀಟಿಯಲ್ಲಿ ಅದನ್ನು ಬರೆಸಿದವರು ಭಾವನೇ. ಆದರೂ ಬೇರೆ ಯಾರೋ ಚಾಡಿ ಹೇಳಿದಂತೆ ಮುಖ ಮಾಡಿಕೊಂಡು ಹೊರಗೆ ಬಂದರು.

ನೋವು ಒಂದು ಸಲ ಬಾಯಿಂದ ಹೊರಗೆ ಬಿದ್ದರೆ ಊರೆಲ್ಲ ಡಾಕ್ಟರು. ಸರ್ಕಲ್ಲಿನಲ್ಲಿ ಎರಡು ಪಕ್ಷಗಳಾದವು. ಬಸ್ಸಿನವರು ಬಿಸಿನೀರಿನ ಪಕ್ಷ, ಟ್ಯಾಕ್ಸಿಯವರು ಐಸಿನ ಪಕ್ಷ. ಒಬ್ಬ ಕಂಡಕ್ಟರು ಬಸ್ಸು ನಿಂತ ಅರ್ಧ ನಿಮಿಷದಲ್ಲಿ ಇಳಿದು ಬಂದು ಎಣ್ಣೆಯ ಸೀಸೆ ಕೊಟ್ಟು ಹೋದ. ಅದು ಮಂಡಿಯ ಎಣ್ಣೆ, ಆದರೆ ಭುಜಕ್ಕೂ ಆಗುತ್ತದೆ ಎಂದ. ಅಕ್ಕ ಅದನ್ನು ತನ್ನ ಮಂಡಿಗೆ ಹಚ್ಚಿಕೊಂಡಳು. ಅವಳಿಗೂ ಏನೂ ಆಗಲಿಲ್ಲ.

ಅಕ್ಕನ ಮಂಡಿ ಹೋಗಿ ಆಗಲೇ ಐದು ವರ್ಷವಾಗಿತ್ತು. ಅವಳಿಗೆ ಕುಕ್ಕರುಗಾಲಲ್ಲಿ ಕೂರಲು ಆಗದು, ನೆಲದಲ್ಲಿ ಬಿದ್ದದ್ದನ್ನು ಎತ್ತಲು ಆಗದು. ಭಾವನಿಗೆ ಈಗ ಭುಜದಿಂದ ಮೇಲಿನದ್ದು ಆಗದು. ಹೀಗಾಗಿ ಮನೆಯಲ್ಲಿ ಹೊಸ ಪಾಲುಪಟ್ಟಿಯಾಯಿತು. ಮೇಲಿನ ಶೆಲ್ಫಿನ ಡಬ್ಬಿಗಳು, ಒಗೆದ ಬಟ್ಟೆಯ ತಂತಿ, ಫ್ಯಾನಿನ ಧೂಳು ಅಕ್ಕನದು. ಕೆಳಗಿನ ಕಪಾಟು, ಚಪ್ಪಲಿ, ಉರುಳಿ ಹೋದ ಈರುಳ್ಳಿ ಭಾವನದು. ಇಬ್ಬರನ್ನೂ ಸೇರಿಸಿದರೆ ಒಂದು ಪೂರ್ತಿ ಮನುಷ್ಯ ಆಗುತ್ತದೆ ಎಂದು ನಾನು ಹೇಳಿದೆ. ಅಕ್ಕ, ಅದರಲ್ಲಿ ಬಾಯಿ ಮಾತ್ರ ನಿನ್ನದು ಎಂದಳು.

ಇದೆಲ್ಲ ನಗುವ ಮಾತು. ನಗು ಬಾರದ ಮಾತು ಬೇರೆಯಿತ್ತು. ಐವತ್ತೈದು ದಾಟಿದ ಪೇದೆಗಳಿಗೆ ಇಲಾಖೆಯವರು ವರ್ಷಕ್ಕೊಮ್ಮೆ ದೇಹಪರೀಕ್ಷೆ ಮಾಡುತ್ತಾರೆ. ಟ್ರಾಫಿಕ್ಕಿನವರಾದರೆ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ಹತ್ತು ಎಣಿಸುವವರೆಗೆ ಹಿಡಿಯಬೇಕು. ಆಗದಿದ್ದರೆ ರಸ್ತೆಯ ಕೆಲಸ ಮುಗಿಯಿತು. ಸ್ಟೇಷನ್ನಿನ ಕೆಳಗೆ ನೆಲಮಾಳಿಗೆಯಲ್ಲಿ ಒಂದು ರೆಕಾರ್ಡು ಕೋಣೆಯಿದೆ, ಅಲ್ಲಿ ಕೂರಿಸುತ್ತಾರೆ. ಕಿಟಕಿಯಿಲ್ಲ, ಹಗಲೂ ಟ್ಯೂಬ್‌ಲೈಟು. ನಿವೃತ್ತಿಗೆ ಭಾವನಿಗೆ ಇನ್ನೂ ಮೂರು ವರ್ಷವಿತ್ತು, ಆ ವರ್ಷದ ಪರೀಕ್ಷೆಗೆ ಐದು ತಿಂಗಳು. ಹಿಂದೆ ಇವರ ಜೊತೆಯವರೊಬ್ಬರು ಉಬ್ಬಸದಿಂದ ಆ ಕೋಣೆಗೆ ಹೋದವರು, ದಿನಾ ಸಂಜೆ ಬಂದು ನಮ್ಮ ಬಸ್ ಸ್ಟಾಪಿನಲ್ಲಿ ನಿಂತು ಗಾಡಿಗಳನ್ನು ನೋಡುತ್ತಿದ್ದರು. ಯಾವ ಬಸ್ಸನ್ನೂ ಹತ್ತುತ್ತಿರಲಿಲ್ಲ. ಅವರನ್ನು ಕಂಡರೆ ಭಾವ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

"ಅಲ್ಲಿ ಕೂತು ನಾನು ಕಾಗದ ಕಾಯ್ಬೇಕಂತೆ" ಎಂದರು ಒಂದು ಸಲ ನನ್ನ ಹತ್ತಿರ. "ಕಾಗದ ಎಲ್ಲಿಗೆ ಓಡಿ ಹೋಗುತ್ತೋ? ಇಪ್ಪತ್ತಮೂರು ವರ್ಷ ಓಡೋದನ್ನ ನಿಲ್ಲಿಸಿದೋನು ನಾನು."

ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಮೂರು ವ್ಯಾಯಾಮ ಹೇಳಿಕೊಟ್ಟರು. ಮುಂದಕ್ಕೆ ಬಗ್ಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು ಒಂದು. ಇದು ನನ್ನ ಕಸುಬಿಗೆ ಹತ್ತಿರವಾದ್ದರಿಂದ ನಾನು ಸಲಹೆ ಕೊಡಲು ಹೋಗಿ ಬೈಸಿಕೊಂಡೆ. ಬಾಗಿಲಿನ ಮೇಲೆ ಹಗ್ಗ ಹಾಕಿ ಒಂದು ಕೈಯಿಂದ ಇನ್ನೊಂದನ್ನು ಎಳೆಯುವುದು ಎರಡನೆಯದು. ಮೂರನೆಯದು ಗೋಡೆ. ಗೋಡೆಗೆ ಮುಖ ಮಾಡಿ ನಿಂತು ಎರಡು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ನಡೆಸಬೇಕು, ಇನ್ನಾಗದು ಎನ್ನುವಲ್ಲಿ ಗೆರೆ ಹಾಕಬೇಕು, ವಾರಕ್ಕೊಮ್ಮೆ ಗೆರೆ ಎಷ್ಟು ಏರಿತು ನೋಡಬೇಕು. ಭಾವ ಇದನ್ನು ಇಲಾಖೆಯ ಆಜ್ಞೆಯಂತೆ ಪಾಲಿಸಿದರು. ನಡುಮನೆಯಲ್ಲಿ ಸ್ವಿಚ್‌ಬೋರ್ಡಿನ ಪಕ್ಕದ ಗೋಡೆ ಖಾಲಿ ಮಾಡಿಸಿದರು. ಪ್ರತಿ ಭಾನುವಾರ ಸ್ನಾನವಾದ ಮೇಲೆ ಬೆರಳು ನಡೆಸುವುದು, ಹಲ್ಲು ಕಚ್ಚಿಕೊಂಡು ಹೂಂ ಎನ್ನುವುದು, ಅಕ್ಕ ಪೆನ್ಸಿಲಿನಿಂದ ಗೆರೆ ಹಾಕುವುದು. ಮೊದಲ ಗೆರೆ ಅವರ ಎದೆಯ ಜೇಬಿನ ಮಟ್ಟಕ್ಕೋ ಅದಕ್ಕಿಂತ ಸ್ವಲ್ಪ ಮೇಲೋ ಇತ್ತು.

ಇತ್ತ ಸರ್ಕಲ್ಲಿನಲ್ಲಿ ಕೈ ಇಳಿಯುತ್ತಲೇ ಇತ್ತು. ಮೊದಲು ಕಿವಿಯಿಂದ ಕೆನ್ನೆಗೆ ಬಂತು. ಕೆನ್ನೆಯಿಂದ ಭುಜಕ್ಕೆ. ಅಲ್ಲಿ ಆರಕ್ಕೇರದೆ ಮೂರಕ್ಕಿಳಿಯದೆ ನಿಂತಿತು. ಭಾವ ಒಂದು ಪಕ್ಕಕ್ಕೆ ವಾಲಿ, ಭುಜವನ್ನೇ ಕಿವಿಯ ಕಡೆಗೆ ಎಳೆದುಕೊಂಡು ಎತ್ತುತ್ತಿದ್ದರು. ಕಿವಿಗೂ ಭುಜಕ್ಕೂ ಇದ್ದ ಅಂತರ ಕಡಿಮೆಯಾಗುತ್ತಿತ್ತು ನಿಜ. ದಿನಾ ಓಡಾಡುವ ಗಾಡಿಯವರು ಇದನ್ನು ಗಮನಿಸಿಯೂ ಗಮನಿಸದವರ ಹಾಗೆ ಕಲಿತುಕೊಂಡರು. ಭುಜದ ಮಟ್ಟಕ್ಕೆ ಕೈ ಬಂದರೆ ನಿಲ್ಲಬೇಕು, ಅಷ್ಟೇ. ಕಷ್ಟ ಹೊರಗಿನವರದು. ಒಬ್ಬ ಲಾರಿಯವನು ಭಾವ ತನಗೆ ನಮಸ್ಕಾರ ಹೇಳಿದರೆಂದು ತಿಳಿದು ತಾನೂ ಕೈಯೆತ್ತಿ ಹೇಳಿ ಮುಂದೆ ಹೋದ. ಇನ್ನೊಮ್ಮೆ ಒಂದು ಕಾರಿನ ದಂಪತಿ ಗಾಡಿ ನಿಧಾನ ಮಾಡಿ, ನಾವು ಆಸ್ಪತ್ರೆಯ ಕಡೆ ಹೋಗುತ್ತಿದ್ದೇವೆ, ಬರುತ್ತೀರಾ ಎಂದು ಕೇಳಿದರು. ಭಾವ ಅವರ ನಂಬರು ಬರೆದುಕೊಂಡು ದಂಡ ಹಾಕಿದರು. ಯಾವ ತಪ್ಪಿಗೆ ಎಂದು ಚೀಟಿಯಲ್ಲಿ ಏನು ಬರೆದರೋ ನನಗೆ ಗೊತ್ತಿಲ್ಲ.

ಆದರೆ ಮನೆಯ ಗೋಡೆಯ ಮೇಲೆ ಗೆರೆಗಳು ಏರುತ್ತಿದ್ದವು. ಎರಡು ತಿಂಗಳಲ್ಲಿ ಎಂಟು ಗೆರೆ, ಒಂದಕ್ಕಿಂತ ಒಂದು ಮೇಲೆ. ಭಾವ ಹಗುರಾದರು. ಭಾನುವಾರ ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡರು. ಒಂದು ಸಂಜೆ ಅಂಗಡಿಯ ಮುಂದೆ ನಿಂತು, ಒಂದು ಗೇಣು ಹತ್ತಿದ್ದೇನೆ ಕಣೋ, ಪರೀಕ್ಷೆಯ ಹೊತ್ತಿಗೆ ಇನ್ನೆರಡು ಗೇಣು ಎಂದರು. ಹಲ್ಲು ಕಂಡವು. ಇದ್ದವು.

ನಾನು ಗಡಿಯಾರದವನು. ಅಳತೆಯಲ್ಲಿ ಸುಳ್ಳಿದ್ದರೆ ನನಗೆ ವಾಸನೆ ಬಡಿಯುತ್ತದೆ. ಅಂಗಡಿಯಿಂದ ನೋಡಿದರೆ ಕೈ ಇದ್ದಲ್ಲೇ ಇತ್ತು. ಗೋಡೆಯಲ್ಲಿ ಒಂದು ಗೇಣು ಏರಿದ ಕೈ ರಸ್ತೆಗೆ ಬರುವಾಗ ಎಲ್ಲಿ ಇಳಿದುಹೋಗುತ್ತದೆ ಎಂದು ಯೋಚಿಸಿ, ಭಾವ ಡ್ಯೂಟಿಯಲ್ಲಿದ್ದ ಒಂದು ಸೋಮವಾರ ಅಕ್ಕನ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅಕ್ಕ ಕೈಯಲ್ಲಿ ರಬ್ಬರು, ಬಾಯಲ್ಲಿ ಪೆನ್ಸಿಲು ಕಚ್ಚಿಕೊಂಡು ಗೋಡೆಯ ಮುಂದೆ ನಿಂತಿದ್ದಳು.

ಅವಳೇನೂ ಗಾಬರಿಯಾಗಲಿಲ್ಲ. ಪೆನ್ಸಿಲು ತೆಗೆದು, ಕಾಫಿ ಕುಡಿಯುತ್ತೀಯಾ ಎಂದಳು. ಆಮೇಲೆ ಹೇಳಿದಳು. ಮೂರನೇ ಭಾನುವಾರ ಕೈ ಹಿಂದಿನ ವಾರದ ಗೆರೆಗಿಂತ ಒಂದು ಬೆರಳು ಕೆಳಗೇ ನಿಂತುಬಿಟ್ಟಿತಂತೆ. ಅವರು ಹೋಗಿ ಮಂಚದ ಮೇಲೆ ಕೂತರಂತೆ. ಊಟಕ್ಕೆ ಕರೆದರೆ ಬರಲಿಲ್ಲವಂತೆ, ಸಂಜೆಯವರೆಗೂ ಹಾಗೇ ಕೂತಿದ್ದರಂತೆ. ಮರುದಿನ ಅವರು ಡ್ಯೂಟಿಗೆ ಹೋದ ಮೇಲೆ ಇವಳು ಹಳೆಯ ಗೆರೆಗಳನ್ನು ಅಳಿಸಿ ಎರಡೆರಡು ಬೆರಳು ಕೆಳಗೆ ಹಾಕಿದಳು. ಮುಂದಿನ ಭಾನುವಾರ ಕೈ ಗೆರೆ ದಾಟಿತು. ಅವರು ಊಟ ಮಾಡಿದರು. ಅಲ್ಲಿಂದ ಪ್ರತಿ ಸೋಮವಾರ ಅದೇ ಕೆಲಸ. ಕೈ ಮೇಲೆ ಹೋಗಿರಲಿಲ್ಲ, ಗೆರೆಗಳ ಏಣಿ ಕೆಳಮುಖವಾಗಿ ಬೆಳೆದಿತ್ತು. ಮೊದಲ ಗೆರೆ ಆಗಲೇ ಸೊಂಟದ ಹತ್ತಿರ ಬಂದಿತ್ತು. ಅದಕ್ಕಿಂತ ಕೆಳಗೆ ಹಾಕಬೇಕಾದರೆ ಮಂಡಿ ಮಡಚಬೇಕು, ಅದು ಅವಳಿಂದ ಆಗದು. ಹೀಗೆ ಭಾವನ ಪ್ರಗತಿಗೆ ಅಕ್ಕನ ಮಂಡಿಯ ಕಡೆಯಿಂದ ಒಂದು ಮಿತಿಯಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಗೆ ಎಂದು ನಾನು ಅಕ್ಕನಿಗೆ ಬೈದೆ. ಪರೀಕ್ಷೆಯಲ್ಲಿ ರಬ್ಬರು ತೆಗೆದುಕೊಂಡು ಹೋಗಲು ಬಿಡುತ್ತಾರಾ ಎಂದೆ.

"ಹಾಗಾದ್ರೆ ನೀನೇ ಹೇಳು ಅವರಿಗೆ" ಎಂದಳು. "ಒಂದು ವಾರದ ಊಟ ನೀನೇ ಮಾಡ್ಸು."

ಹೇಳುತ್ತೇನೆ ಎಂದು ಬಂದೆ. ಆ ಸಂಜೆ ಭಾವ ಅಂಗಡಿಗೆ ಬಂದು, ನಾನು ಬಾಯಿ ತೆರೆಯುವ ಮೊದಲೇ, ನೀನು ದಿನಾ ಎದುರಿಗೇ ಇರುತ್ತೀಯಲ್ಲ, ಇಲ್ಲಿಂದ ನೋಡಿದರೆ ಕೈ ಹೇಗೆ ಕಾಣುತ್ತದೆ ಎಂದು ಕೇಳಿದರು. ಮುಖದಲ್ಲಿ ಅಂಥ ಆಸೆಯಿತ್ತು. ಚೆನ್ನಾಗಿ ಕಾಣುತ್ತದೆ ಭಾವ ಎಂದೆ. ನಾನು ಬದುಕಿನಲ್ಲಿ ಆಡಿದ ಮಾತುಗಳಲ್ಲಿ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಅಕ್ಕನದಾದರೂ ಹೆಂಡತಿಯ ಸುಳ್ಳು, ನನ್ನದು ಬರೀ ಹೇಡಿಯ ಸುಳ್ಳು.

ಪರೀಕ್ಷೆಗೆ ನಾನೂ ಜೊತೆಗೆ ಹೋದೆ. ಅಂಗಡಿ ಮುಚ್ಚಿದೆ. ಭಾವ ಯೂನಿಫಾರಂಗೆ ಗಂಜಿ ಹಾಕಿಸಿ ಇಸ್ತ್ರಿ ಮಾಡಿಸಿದ್ದರು. ಉದ್ದನೆಯ ಕೋಣೆ, ಒಂದು ಮೇಜು, ತೂಕದ ಯಂತ್ರ, ಹನ್ನೊಂದು ಜನ ಪೇದೆಗಳ ಸಾಲು. ಇಲಾಖೆಯ ಡಾಕ್ಟರು ಒಳ್ಳೆಯ ಮನುಷ್ಯ, ಎಲ್ಲರನ್ನೂ ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಭಾವನ ಸರದಿ ಬಂತು. ಎರಡೂ ಕೈ ಮೇಲೆತ್ತಿ ಎಂದರು. ಎಡಗೈ ಕಿವಿಗೆ ತಾಗಿ ನಿಂತಿತು. ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಭಾವ ಎದುರಿನ ಗೋಡೆಯನ್ನು ನೋಡುತ್ತ ಮನಸ್ಸಿನಲ್ಲೇ ಹತ್ತು ಎಣಿಸುತ್ತಿದ್ದರು. ತುಟಿ ಅಲುಗುವುದು ನನಗೆ ಕಾಣುತ್ತಿತ್ತು.

"ಬಲಗೈ ಎತ್ತಿ" ಎಂದರು ಡಾಕ್ಟರು.

"ಎತ್ತಿದ್ದೀನಿ ಸರ್."

ಡಾಕ್ಟರು ಪೆನ್ನು ಕೆಳಗಿಟ್ಟರು. ಭಾವನನ್ನೇ ನೋಡಿದರು. ಇವರು ಸುಳ್ಳು ಹೇಳುತ್ತಿಲ್ಲ ಎಂದು ಅವರಿಗೆ ತಿಳಿದಿರಬೇಕು.

"ಒಂದು ಸಲ ತಿರುಗಿ ನೋಡ್ಕೊಳ್ಳಿ" ಎಂದರು, ಮೆಲ್ಲಗೆ.

ಭಾವ ಕತ್ತು ತಿರುಗಿಸಿ ತಮ್ಮ ಕೈಯನ್ನು ನೋಡಿದರು. ಸರ್ಕಲ್ಲಿನಲ್ಲಿ ನಿಂತವನು ಗಾಡಿಗಳನ್ನು ನೋಡುತ್ತಾನೆಯೇ ಹೊರತು ತನ್ನ ಕೈಯನ್ನು ನೋಡುವುದಿಲ್ಲ. ಎಷ್ಟೋ ತಿಂಗಳಿಂದ ಅವರು ಅದನ್ನು ನೋಡಿದ್ದು ಗೋಡೆಯ ಮೇಲೆ, ಗೆರೆಯ ಪಕ್ಕದಲ್ಲಿ ಮಾತ್ರ. ನೋಡುತ್ತಲೇ ನಿಂತರು. ಹಿಂದಿನವರು ಕೆಮ್ಮಿದ ಮೇಲೆ ಎಡಗೈಯಿಂದ ಬಲಗೈಯನ್ನು ಹಿಡಿದು ಕೆಳಗಿಳಿಸಿದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ಮೂರು ಸ್ಟಾಪು ದಾಟಿದ ಮೇಲೆ ಭಾವ ನನ್ನ ಕಡೆ ತಿರುಗಿದರು.

"ನೀನು ಅಂಗಡಿಯಿಂದ ದಿನಾ ನೋಡ್ತಿದ್ದೆ."

"ನೋಡ್ತಿದ್ದೆ ಭಾವ."

"ಕಾಣ್ತಿತ್ತಾ?"

"ಕಾಣ್ತಿತ್ತು."

ಮತ್ತೆ ಇಳಿಯುವವರೆಗೂ ಅವರು ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು.

ಮನೆಗೆ ಬಂದವರು ಬೂಟು ಬಿಚ್ಚದೆ ಗೋಡೆಯ ಮುಂದೆ ನಿಂತರು. ಪೊಲೀಸಿನವರಲ್ಲವೇ, ಹತ್ತಿರ ಹೋಗಿ ನೋಡಿದರೆ ರಬ್ಬರು ಉಜ್ಜಿದ ಕಲೆ ತಿಳಿಯುತ್ತದೆ. ಅಕ್ಕ ಅಡಿಗೆಮನೆಯಿಂದ ಬಂದು, ಕೇಳುವ ಮೊದಲೇ ಒಪ್ಪಿಕೊಂಡಳು. ನಾನು ಚಪ್ಪಲಿ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದೆ, ಭಾವ ಕೂಗಾಡಿದರೆ ಅಡ್ಡ ಬರಲೆಂದು. ಕೂಗಾಡಲಿಲ್ಲ. ಇದರಲ್ಲಿ ನಿಜವಾದ ಗೆರೆ ಯಾವುದು ಎಂದು ಕೇಳಿದರು. ಎಲ್ಲಕ್ಕಿಂತ ಮೇಲಿನದು ಎಂದಳು ಅಕ್ಕ.

"ಮೊದಲ್ನೇದು ಎಲ್ಲಿತ್ತು?"

ಅಕ್ಕ ಗೋಡೆಯ ಮೇಲೆ ಕೈಯಿಟ್ಟಳು. ಸ್ವಲ್ಪ ಮೇಲಿಟ್ಟಳು, ಮತ್ತೆ ಕೆಳಗಿಟ್ಟಳು. "ಮರೆತು ಹೋಯ್ತು ರೀ" ಎಂದಳು.

ಅವರಿಗೆ ಸಿಟ್ಟು ಬಂದದ್ದು ಆಗ. ಸುಳ್ಳನ್ನಾದರೂ ಅವರು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರೇನೋ. ಐದು ತಿಂಗಳು ಹಲ್ಲು ಕಚ್ಚಿಕೊಂಡು ಬೆರಳು ನಡೆಸಿದ್ದೇನೆ, ಎಲ್ಲಿಂದ ಹೊರಟೆ ಎಂದೇ ಗೊತ್ತಿಲ್ಲದಿದ್ದರೆ ಎಲ್ಲಿಗೆ ಬಂದೆ ಎಂದು ಯಾರನ್ನು ಕೇಳಲಿ ಎಂದರು. ಎರಡು ದಿನ ಅಕ್ಕನ ಜೊತೆ ಮಾತು ಬಿಟ್ಟರು. ಆದರೂ ಪಾಲುಪಟ್ಟಿ ಮುರಿಯಲಿಲ್ಲ. ನೆಲದ ಮೇಲಿನ ಈರುಳ್ಳಿಯನ್ನು ಮಾತಿಲ್ಲದೆ ಎತ್ತಿಕೊಟ್ಟರು, ಅವಳು ಮೇಲಿನ ಸಕ್ಕರೆ ಡಬ್ಬಿಯನ್ನು ಮಾತಿಲ್ಲದೆ ಇಳಿಸಿಕೊಟ್ಟಳು.

ಮೂರನೇ ದಿನ ಒಬ್ಬರೇ ಫಿಸಿಯೋಥೆರಪಿ ಮೇಡಂ ಹತ್ತಿರ ಹೋದರು. ಅವರ ಪುಸ್ತಕದಲ್ಲಿ ಮೊದಲ ದಿನದ ಅಳತೆ ಇತ್ತು, ಎಪ್ಪತ್ತು ಡಿಗ್ರಿ. ಅಂದು ಅಳೆದಾಗ ಎಂಬತ್ತೈದು. ಪರೀಕ್ಷೆಗೆ ಬೇಕಾದದ್ದು ನೂರ ಎಪ್ಪತ್ತರ ಸುಮಾರು. ಭಾವ ಮನೆಗೆ ಬಂದು ಅಕ್ಕನಿಗೆ, ಹದಿನೈದು ಡಿಗ್ರಿ ನನ್ನದೇ, ಯಾರೂ ಗೀಚಿ ಕೊಟ್ಟದ್ದಲ್ಲ ಎಂದರು. ಅಕ್ಕ ಅತ್ತಳು. ಅವರು ಅವಳಿಗೆ ಕುರ್ಚಿ ಎಳೆದು ಹಾಕಿದರು, ಎಡಗೈಯಲ್ಲಿ.

ಇಲಾಖೆಯ ಆರ್ಡರು ಹತ್ತು ದಿನಕ್ಕೆ ಬಂತು. ರಸ್ತೆಯ ಕೆಲಸಕ್ಕೆ ಅನರ್ಹ, ಸೋಮವಾರದಿಂದ ರೆಕಾರ್ಡು ಕೋಣೆ, ಸರ್ಕಲ್ಲಿಗೆ ಬೇರೆ ಪೇದೆ. ರೆಕಾರ್ಡು ಕೋಣೆಯಲ್ಲಿ ಫೈಲುಗಳೆಲ್ಲ ಸೂರು ಮುಟ್ಟುವ ರ‍್ಯಾಕುಗಳ ಮೇಲಿವೆ. ಕೈ ಮೇಲೆತ್ತಲಾಗದವರನ್ನು ಅಲ್ಲಿಗೇ ಏಕೆ ಕಳಿಸುತ್ತಾರೆ ಎಂದು ನಾನು ಕೇಳಿದೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೇನೋ ಎಂದರು ಭಾವ.

ಕೊನೆಯ ಶನಿವಾರ ಅವರು ಎಂದಿನಂತೆ ಬೆಳಿಗ್ಗೆ ಎಂಟಕ್ಕೆ ಸರ್ಕಲ್ಲಿಗೆ ಬಂದರು. ನಾನು ಒಂದು ಹಳೆಯ ಕೈಗಡಿಯಾರ ಬಿಚ್ಚಿಟ್ಟುಕೊಂಡಿದ್ದೆ, ಆದರೆ ಅಂದು ನನ್ನಿಂದ ಕೆಲಸ ಸಾಗಲಿಲ್ಲ. ಹನ್ನೊಂದರವರೆಗೆ ಎಲ್ಲ ಎಂದಿನಂತೆಯೇ ಇತ್ತು. ವಾಲುವುದು, ಭುಜ ಎಳೆಯುವುದು, ಮುಖ ಕಿವುಚುವುದು, ಅರ್ಧ ಕೈ. ಆಮೇಲೆ, ಏನು ತೋಚಿತೋ, ಎರಡೂ ಕೈಗಳನ್ನು ಕೆಳಗೆ ಬಿಟ್ಟರು. ಪ್ಯಾಂಟಿನ ಹೊಲಿಗೆಗೆ ಅಂಟಿಸಿ ನಿಂತರು. ಸೀಟಿಯನ್ನೂ ಬಾಯಿಂದ ತೆಗೆದರು.

ಮಾರ್ಕೆಟ್ ರಸ್ತೆಯಿಂದ ಲಾರಿ ಬರುತ್ತಿತ್ತು. ಭಾವ ಆ ಕಡೆಗೆ ಬರೀ ತಿರುಗಿದರು. ಲಾರಿ ನಿಂತಿತು. ಅದರ ಹಿಂದಿನವೂ ನಿಂತವು. ಭಾವ ಸ್ವಲ್ಪ ಹೊತ್ತು ಅದನ್ನೇ ನೋಡಿ, ಆಸ್ಪತ್ರೆಯ ರಸ್ತೆಗೆ ತಿರುಗಿದರು. ಅಲ್ಲಿಯೂ ನಿಂತರು. ಬಸ್ ನಿಲ್ದಾಣದ ಕಡೆ ತಿರುಗಿದರು. ಎರಡು ಬಸ್ಸು, ಒಂದು ವ್ಯಾನು, ಐದಾರು ಟ್ಯಾಕ್ಸಿ, ಎಲ್ಲ ಗೆರೆಯ ಹಿಂದೆ. ಶಾಲೆಯ ರಸ್ತೆಯಲ್ಲಿ ಸೈಕಲ್ಲಿನವರು ಕಾಲು ಕೆಳಗಿಟ್ಟರು. ಕೈ ಒಂದು ಅಂಗುಲವೂ ಎದ್ದಿರಲಿಲ್ಲ.

ಇಪ್ಪತ್ತಮೂರು ವರ್ಷದಲ್ಲಿ ಡ್ಯೂಟಿಯ ಹೊತ್ತಿನಲ್ಲಿ ಸರ್ಕಲ್ಲಿನ ಮಧ್ಯ ಬಿಟ್ಟು ಬಂದವರಲ್ಲ ಭಾವ. ಅಂದು ನೆಟ್ಟಗೆ ನನ್ನ ಅಂಗಡಿಗೆ ನಡೆದು ಬಂದರು. ಸ್ಟೂಲಿನ ಮೇಲೆ ಕೂತರು. ಟೋಪಿ ತೆಗೆದು ಮೇಜಿನ ಮೇಲೆ, ನನ್ನ ಬಿಚ್ಚಿದ ಗಡಿಯಾರದ ಪಕ್ಕದಲ್ಲಿಟ್ಟರು.

"ಕೈ ಎತ್ತದಿದ್ರೂ ನಿಲ್ತಾರಲ್ಲೋ" ಎಂದರು.

"ಹೌದು ಭಾವ."

"ಯಾವಾಗಿಂದ?"

ನನಗೆ ಗೊತ್ತಿರಲಿಲ್ಲ. ಇನ್ನೊಂದು ಸುಳ್ಳು ಹೇಳುವ ಧೈರ್ಯ ಇರಲಿಲ್ಲ. ಗೊತ್ತಿಲ್ಲ ಎಂದೆ.

ಅವರು ತಮ್ಮ ಬಲ ಭುಜವನ್ನು ಎಡಗೈಯಿಂದ ಒತ್ತಿಕೊಂಡರು. "ಹಾಗಿದ್ರೆ ಇಷ್ಟು ದಿನ ಇದನ್ನ ಸುಮ್ನೆ ನೋಯಿಸ್ದೆ" ಎಂದರು.

ಹೇಳಿ ಅತ್ತರು. ತಮ್ಮ ತಂದೆ ತೀರಿಕೊಂಡಾಗಲೂ ಅಳದವರು, ನನ್ನ ಎಂಟಡಿ ಅಂಗಡಿಯಲ್ಲಿ ಕೂತು ಅತ್ತರು. ನಾನು ನೀರಿನ ಲೋಟ ಅವರ ಮುಂದಿಟ್ಟೆ. ಹೊರಗೆ ನಾಲ್ಕೂ ರಸ್ತೆಯ ಗಾಡಿಗಳು ಹಾಗೇ ನಿಂತಿದ್ದವು. ಯಾರೂ ಹಾರ್ನ್ ಹೊಡೆಯಲಿಲ್ಲ.